ಮಲಮಕ್ಕಳಿಗೂ ಒಂದು ಪಾಲು

ಮರುಮದುವೆಯಿಂದ ಕೂಡಿಬಂದ ಸಂಸಾರದಲ್ಲಿ, ಪತ್ನಿಯ ಮೊದಲ ಮದುವೆಯ ಮಗುವನ್ನು ಯಜಮಾನನು ಎಷ್ಟೇ ವಾತ್ಸಲ್ಯದಿಂದ ಸಾಕಿ ಸಲಹಿದ್ದರೂ, ಅವನು ಉಯಿಲು ಬರೆಯದೆ ಗತಿಸಿದನಾದರೆ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಆ ಮಗುವನ್ನು ಅವನ ವಾರಸುದಾರರಲ್ಲಿ ಗಣಿಸುವುದಿಲ್ಲವೆಂಬುದನ್ನು ಅನೇಕ ಗೃಹಸ್ಥರು ಅರಿಯರು. ಮಲತಾಯಿಯ ಆಸ್ತಿಯಲ್ಲಿಯೂ ಆಕೆಯ ಪತಿಗೂ ಸ್ವಂತ ಮಕ್ಕಳಿಗೂ ಇರುವ ಅಗ್ರಸ್ಥಾನವು ಮಲಮಕ್ಕಳಿಗಿಲ್ಲ.

ಆದುದರಿಂದ, ಮಮತೆಯುಳ್ಳವರು ಬುದ್ಧಿ ಸ್ವಸ್ಥವಾಗಿರುವಾಗಲೇ ತಮ್ಮ ಸ್ವಯಾರ್ಜಿತ ಆಸ್ತಿಗೆ ಉಯಿಲನ್ನು ಬರೆದು, ಅದರಿಂದ ಯಾವ ಲಾಭವನ್ನೂ ಹೊಂದದ ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ತಾವು ರುಜು ಹಾಕಿ, ಅವರ ರುಜುವನ್ನೂ ಪಡೆಯತಕ್ಕದ್ದು. ನೋಂದಣಿಯು ಕಡ್ಡಾಯವಲ್ಲವಾದರೂ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅದನ್ನು ಮಾಡಿಸಿಡುವುದು ಮುಂದಿನ ಕಲಹಗಳಿಗೆ ಆಸ್ಪದವನ್ನು ಕುಗ್ಗಿಸುತ್ತದೆ. ಹಂಚಿಕೆಯ ಕಾರಣವನ್ನು ಮಕ್ಕಳೆಲ್ಲರಿಗೂ ನೀವೇ ಬಾಯಾರೆ ತಿಳಿಸಿರಿ. ಹಿರಿಯರ ಮಾತನ್ನು ನೇರವಾಗಿ ಕೇಳಿದವರು ನ್ಯಾಯಾಲಯದ ಮೆಟ್ಟಿಲೇರಲು ಹಿಂಜರಿಯುವರು.