‘ವೈಡನ್’ ಮತ್ತು ‘ಬ್ರಾಡನ್’: ಒಂದು ಭಾಷಾಭ್ಯಾಸ

ಆಂಗ್ಲಭಾಷೆಯನ್ನು ಕಲಿಯುವ ಕನ್ನಡ ವಿದ್ಯಾರ್ಥಿಯು ‘ವೈಡನ್’, ‘ಬ್ರಾಡನ್’ ಎಂಬೆರಡು ಕ್ರಿಯಾಪದಗಳಿಗೆ ‘ಅಗಲವಾಗು, ವಿಸ್ತರಿಸು’ ಎಂಬ ಒಂದೇ ಅರ್ಥವನ್ನು ಬರೆದುಕೊಳ್ಳುವುದು ವಾಡಿಕೆ. ಅರ್ಥವು ತಪ್ಪಲ್ಲ, ಆದರೆ ಅದನ್ನಷ್ಟೇ ನಂಬಿ ವಾಕ್ಯವನ್ನು ರಚಿಸಹೊರಟಾಗ ಪ್ರಮಾದಗಳು ತಲೆದೋರುತ್ತವೆ.

ಮೊದಲನೆಯದು ಪದರಚನೆ. ‘ವೈಡ್’, ‘ಬ್ರಾಡ್’ ಎಂಬ ಗುಣವಾಚಕಗಳಿಗೆ ನೇರವಾಗಿ ಪ್ರತ್ಯಯವು ಸೇರಿ ಈ ಕ್ರಿಯಾಪದಗಳು ಸಿದ್ಧಿಸಿವೆ. ‘ಉದ್ದವಾಗಿಸು’ ಎಂಬರ್ಥದ ‘ಲೆಂಗ್ತನ್’ ಪದವಾದರೋ ‘ಲೆಂಗ್ತ್’ ಎಂಬ ನಾಮಪದದಿಂದ ಬಂದುದು. ಆ ಮಾದರಿಯನ್ನು ಹಿಡಿದು ‘ವಿಡ್ತ್’, ‘ಬ್ರೆಡ್ತ್’ ಎಂಬ ನಾಮಪದಗಳಿಂದ ಹೊಸ ಕ್ರಿಯಾಪದಗಳನ್ನು ಕಲ್ಪಿಸಲಾಗದು.

ಎರಡನೆಯದು ಕರ್ಮದ ವಿಚಾರ. ಕನ್ನಡದಲ್ಲಿ ನದಿಯು ‘ಅಗಲವಾಗುತ್ತದೆ’, ರಸ್ತೆಯನ್ನು ‘ಅಗಲಗೊಳಿಸುತ್ತಾರೆ’. ಆಂಗ್ಲಭಾಷೆಯಲ್ಲಿ ಎರಡಕ್ಕೂ ‘ವೈಡನ್’ ಒಂದೇ ಸಾಕು. ಲಂಡನ್ ನಗರವನ್ನು ದಾಟಿ ಸಮುದ್ರದತ್ತ ಸಾಗುವ ಥೇಮ್ಸ್ ನದಿಯನ್ನು ಕುರಿತು ‘ದಿ ರಿವರ್ ವೈಡನ್ಸ್’ ಎಂದರೆ ಸರಿ. ವಿದ್ಯಾರ್ಥಿಯು ಇಲ್ಲಿ ಕರ್ಮಣಿ ಪ್ರಯೋಗವನ್ನು ತಂದರೆ, ನದಿಯನ್ನು ಯಾರೋ ಅಗೆದು ಅಗಲ ಮಾಡಿದರೆಂಬ ಭಾವ ಬರುತ್ತದೆ.

ಮೂರನೆಯದೂ ಮುಖ್ಯವಾದುದೂ ಆದದ್ದು ಪದಗಳ ಒಡನಾಟ. ನದಿ, ರಸ್ತೆ ಮೊದಲಾದವುಗಳಿಗೆ ಎರಡು ಪದಗಳೂ ಸಲ್ಲುವುದುಂಟು. ಆದರೆ ಬಡವ ಬಲ್ಲಿದರ ನಡುವಣ ಅಂತರ ಹೆಚ್ಚಿದಾಗ ಬಳಸುವುದು ‘ವೈಡನ್’. ಪ್ರವಾಸ, ವ್ಯಾಸಂಗಗಳಿಂದ ಮನಸ್ಸು ವಿಶಾಲವಾದಾಗ ರೂಢಿಯಲ್ಲಿರುವುದು ‘ಬ್ರಾಡನ್’. ಎರಡು ಅಂಚುಗಳು ಪರಸ್ಪರ ದೂರ ಸರಿಯುವುದು ಮೊದಲನೆಯದರ ಚಿತ್ರ. ಒಂದೇ ವಸ್ತು ತನ್ನೊಳಗೆ ಹೆಚ್ಚಿನದಕ್ಕೆ ಎಡೆಕೊಡುವುದು ಎರಡನೆಯದರ ಚಿತ್ರ.

ಈ ಭೇದವನ್ನು ಬೋಧಿಸಲು ಕನ್ನಡವೇ ನೆರವಾಗುತ್ತದೆ. ‘ಅಗಲ’ ಎಂಬ ಪದಕ್ಕೂ ‘ಬೇರ್ಪಡು’ ಎಂಬರ್ಥದ ‘ಅಗಲು’ ಎಂಬ ಧಾತುವಿಗೂ ಮೂಲವೊಂದೇ. ಅಂಚುಗಳು ಒಂದನ್ನೊಂದು ಅಗಲಿದಾಗಲೇ ಅಗಲವು ಹುಟ್ಟುತ್ತದೆ. ಇದನ್ನರಿತ ಬಾಲಕನಿಗೆ ಅಂತರದ ಸಂಗಡ ‘ವೈಡನ್’ ಏಕೆ ಬರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಹಾಗೆಯೇ ‘ಮನಸ್ಸು ಅಗಲವಾಯಿತು’ ಎನ್ನದೆ ‘ವಿಶಾಲವಾಯಿತು’ ಎನ್ನುವ ತನ್ನ ಮಾತಿನ ರೂಢಿಯನ್ನು ನೆನೆದರೆ ‘ಬ್ರಾಡನ್’ ಪದದ ಮರ್ಮವೂ ತಿಳಿದೀತು.

ಆದುದರಿಂದ ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಿಸದೆ, ಅದರ ಸಂಗಾತಿ ಪದಗಳೊಡನೆ ವಾಕ್ಯದಲ್ಲಿಟ್ಟು ಕಲಿಸುವುದು ಲೇಸು. ತಾಯಿನುಡಿಯ ಸೂಕ್ಷ್ಮಗಳನ್ನು ಬಲ್ಲ ವಿದ್ಯಾರ್ಥಿಗೆ ಪರಭಾಷೆಯ ಸೂಕ್ಷ್ಮಗಳು ದುರ್ಗಮವಾಗಲಾರವು.