ಬಿಟ್ಟಿ ಆಟ, ಲಕ್ಷದ ಬಿಲ್ಲು

2020ರ ಮೇ ತಿಂಗಳು. ಲಾಕ್‌ಡೌನ್‌ನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಎಪಿಕ್ ಗೇಮ್ಸ್ ಸ್ಟೋರ್ ಒಂದು ವಾರದ ಮಟ್ಟಿಗೆ ಜಿಟಿಎ 5 ಆಟವನ್ನು ಪುಕ್ಕಟೆ ಕೊಟ್ಟಿತು. ನಾನೂ ತೆಗೆದುಕೊಂಡೆ. ಅದನ್ನು ಚೆನ್ನಾಗಿ ಆಡಬೇಕೆಂಬ ಆಸೆಯಿಂದ ಮುಂದಿನ ವರ್ಷದ ಜುಲೈನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 1,20,000 ರೂಪಾಯಿಯ ಪಿಸಿ ಕಟ್ಟಿಸಿದೆ. ದಾವಣಗೆರೆಯಲ್ಲಿರುವ ನನ್ನ ತಮ್ಮ ಅದೇ ಆಟವನ್ನು 19,000 ರೂಪಾಯಿಯ ಸೆಕೆಂಡ್ ಹ್ಯಾಂಡ್ ಪಿಎಸ್4 ಕನ್ಸೋಲ್‌ನಲ್ಲಿ ಆಡಿ ಮುಗಿಸಿದ. ಕಥೆ ಅದೇ, ಊರು ಅದೇ, ಮಿಷನ್‌ಗಳೂ ಅವೇ. ಲಕ್ಷ ರೂಪಾಯಿಯ ಈ ಅಂತರ ಎಲ್ಲಿಂದ ಬಂತು ಎಂದು ನಾನು ಕಾಗದ ಪೆನ್ನು ಹಿಡಿದು ಕೂತದ್ದು ಬಹಳ ತಡವಾಗಿ.

ಈಗ ಇದನ್ನು ಬರೆಯಲು ಕಾರಣವಿದೆ. ಜಿಟಿಎ 6ಕ್ಕೆ ಅದರ ತಯಾರಕ ರಾಕ್‌ಸ್ಟಾರ್ ಪ್ರಕಟಿಸಿರುವ ದಿನಾಂಕ 2026ರ ನವೆಂಬರ್ 19. ಅದೂ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಪಿಸಿಗೆ ದಿನಾಂಕ ಹೇಳಿಲ್ಲ. ಆಫೀಸಿನ ಹುಡುಗರು ಊಟದ ಹೊತ್ತಿನಲ್ಲಿ ಕೇಳುತ್ತಾರೆ: "ಸಾರ್, ಪಿಎಸ್5 ತಗೊಳ್ಳೋದಾ, ಪಿಸಿ ಕಟ್ಟಿಸೋದಾ?" ಆಗ ನನ್ನ ಕಥೆ ಹೇಳುತ್ತೇನೆ.

ನನ್ನ ಹಳೆಯ ಡೆಸ್ಕ್‌ಟಾಪ್ 2014ರದ್ದು. ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಆಟ ಓಡುತ್ತಿತ್ತು, ಆದರೆ ಕಾರು ತಿರುಗಿಸಿದರೆ ಚಿತ್ರ ತಡವರಿಸಿಕೊಂಡು ತಿರುಗುತ್ತಿತ್ತು. ಜಿಟಿಎ ಆನ್‌ಲೈನ್ ಒತ್ತಿದರೆ ಮೋಡದ ಚಿತ್ರ ನೋಡುತ್ತಾ ಆರೇಳು ನಿಮಿಷ ಕೂರಬೇಕಿತ್ತು. ಅಷ್ಟರಲ್ಲಿ ಒಲೆ ಹಚ್ಚಿ ಟೀ ಮಾಡಿಕೊಂಡು ಬರಬಹುದಿತ್ತು. ಸಿಸ್ಟಂಗೆ ವಯಸ್ಸಾಯಿತು, ಬದಲಿಸಬೇಕು ಎಂದು ತೀರ್ಮಾನಿಸಿಬಿಟ್ಟೆ.

ಮೊದಲ ತಪ್ಪು ಇದೇ. ಆ ಲೋಡಿಂಗ್‌ಗೆ ನನ್ನ ಕಂಪ್ಯೂಟರ್ ಒಂದೇ ಕಾರಣವಾಗಿರಲಿಲ್ಲ. 2021ರ ಆರಂಭದಲ್ಲಿ ಒಬ್ಬ ಹವ್ಯಾಸಿ ಪ್ರೋಗ್ರಾಮರ್ ಪಿಸಿ ಆವೃತ್ತಿಯನ್ನು ಬಿಚ್ಚಿ ನೋಡಿ, ಆನ್‌ಲೈನ್ ಅಂಗಡಿಯ ಸಾಮಾನುಗಳ ಪಟ್ಟಿಯನ್ನು ಓದುವ ಕೋಡ್‌ನಲ್ಲೇ ಎಡವಟ್ಟಿದೆ ಎಂದು ತೋರಿಸಿದ. ಅದನ್ನು ಸರಿಪಡಿಸಿದಾಗ ಅವನ ಯಂತ್ರದಲ್ಲಿ ಕಾಯುವ ಹೊತ್ತು ಶೇ 70ರಷ್ಟು ಇಳಿಯಿತು. ರಾಕ್‌ಸ್ಟಾರ್ ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟು ಮಾರ್ಚ್‌ನಲ್ಲಿ ತಾನೇ ಪ್ಯಾಚ್ ಬಿಡುಗಡೆ ಮಾಡಿತು. ನಾನು ಪಿಸಿ ಕೊಂಡದ್ದು ಅದಾಗಿ ನಾಲ್ಕು ತಿಂಗಳಿಗೆ. ರೋಗ ಯಾವುದೆಂದು ನೋಡದೆ ಔಷಧಿ ಕೊಂಡೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಜಿಟಿಎ 5ರ ಪಿಸಿ ಆವೃತ್ತಿಗೆ ರಾಕ್‌ಸ್ಟಾರ್ 2015ರಲ್ಲಿ ಶಿಫಾರಸು ಮಾಡಿದ್ದು ಐ5 3470 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ಜಿಟಿಎಕ್ಸ್ 660 ಕಾರ್ಡ್. ಮೊದಲ ಎರಡೂ ನನ್ನ ಬಳಿ ಇದ್ದವು. ಕೊರತೆ ಇದ್ದದ್ದು ಕಾರ್ಡ್ ಒಂದರದ್ದೇ. ಬಳಸಿದ ಜಿಟಿಎಕ್ಸ್ 1050 ಟಿಐ ಎಸ್.ಪಿ. ರಸ್ತೆಯಲ್ಲೇ 11,000ಕ್ಕೆ ಸಿಗುತ್ತಿತ್ತು. 75 ವಾಟ್‌ನ ಕಾರ್ಡ್ ಅದು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೂಡ ಬದಲಿಸಬೇಕಾಗಿರಲಿಲ್ಲ. ಹನ್ನೊಂದು ಸಾವಿರಕ್ಕೆ ಮುಗಿಯುವ ಕೆಲಸ.

ಮುಗಿಸಲಿಲ್ಲ. ಅಂಗಡಿಯಾತ ಕಪಾಟಿನಿಂದ ಆರ್‌ಟಿಎಕ್ಸ್ 3060ರ ಡಬ್ಬಿ ತೆಗೆದು ಗಾಜಿನ ಕೌಂಟರ್ ಮೇಲಿಟ್ಟ. ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿದ್ದ ಒಂದು ಬೆಲೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಬರೆದಿತ್ತು: 61,000. ಆ ವರ್ಷದ ಫೆಬ್ರವರಿಯಲ್ಲಿ ಕಾರ್ಡ್ ಬಿಡುಗಡೆಯಾದಾಗ ಎನ್‌ವಿಡಿಯಾ ಭಾರತಕ್ಕೆ ಹೇಳಿದ್ದ ಆರಂಭಿಕ ಬೆಲೆ 29,500. ಚಿಪ್ ಕೊರತೆ ಒಂದು ಕಡೆ, ಈಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್‌ಗೆ ಕಾರ್ಡ್‌ಗಳನ್ನು ಬಾಚುತ್ತಿದ್ದವರು ಇನ್ನೊಂದು ಕಡೆ. "ಸಾರ್, ಇವತ್ತು ಈ ರೇಟು. ನಾಳೆ ಬಂದ್ರೆ ಇದೂ ಇರಲ್ಲ. ತಗೊಂಡ್ರೆ ಐದು ವರ್ಷ ತಿರುಗಿ ನೋಡಂಗಿಲ್ಲ," ಅಂದ. ಬೋನಸ್ ಬಂದ ವಾರ ಅದು. ಕಾರ್ಡ್ 61,000, ಮಿಕ್ಕ ಸಾಮಾನು 46,500, ಮಾನಿಟರ್ 12,500. ಒಟ್ಟು 1,20,000. ಅದರ ಮರುವರ್ಷ, 2022ರ ಸೆಪ್ಟೆಂಬರ್‌ನಲ್ಲಿ, ಈಥೀರಿಯಂ ಕಾರ್ಡ್‌ಗಳ ಮೇಲೆ ನಡೆಯುತ್ತಿದ್ದ ಮೈನಿಂಗ್ ಅನ್ನೇ ಕೈಬಿಟ್ಟಿತು. ಆ ಡಿಸೆಂಬರ್‌ನಲ್ಲಿ ಅದೇ ಅಂಗಡಿಯಲ್ಲಿ ವಿಚಾರಿಸಿದೆ. ಅದೇ ಕಾರ್ಡ್, 29,000.

ಇನ್ನು ದುಡ್ಡು ಕೊಟ್ಟ ರೀತಿ. ನೋ ಕಾಸ್ಟ್ ಇಎಂಐ, 12 ಕಂತು, ತಿಂಗಳಿಗೆ 10,000. ಈ ಹೆಸರೇ ಸುಳ್ಳು. ಬ್ಯಾಂಕು ಶೇ 15ರ ಬಡ್ಡಿಯನ್ನು ಹಾಕಿಯೇ ಹಾಕುತ್ತದೆ. ನನ್ನ ಕಂತುಗಳೊಳಗೆ 9,207 ರೂಪಾಯಿ ಬಡ್ಡಿ ಇತ್ತು. ಅಷ್ಟನ್ನು ಮಾರುವವರು ಮುಂಚೆಯೇ ರಿಯಾಯಿತಿಯಾಗಿ ಕಳೆಯುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, 1,657 ರೂಪಾಯಿ, ನನ್ನ ತಲೆಗೆ. ಪ್ರೊಸೆಸಿಂಗ್ ಫೀ ತೆರಿಗೆ ಸೇರಿ 235. ಕೈಯಲ್ಲಿ ಹಣ ಎಣಿಸಿದ್ದರೆ ಅಂಗಡಿಯಾತ 5,000 ಬಿಡುತ್ತಿದ್ದ, ಅದೂ ಹೋಯಿತು. ಒಟ್ಟು 6,892 ರೂಪಾಯಿ. ಪ್ರತಿ ತಿಂಗಳೂ ಅಸಲು ಕರಗುತ್ತಾ ಹೋಗುವುದರಿಂದ ಇದು ವರ್ಷಕ್ಕೆ ಸುಮಾರು ಶೇ 11ರ ಸಾಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಶುಲ್ಕದೊಳಗೆ ಮರೆಮಾಡಬೇಡಿ ಎಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಜಿಟಿಎ 5 ಮೊದಲ ಬಾರಿಗೆ ಬಿಡುಗಡೆಯಾದದ್ದೂ ಅದೇ ತಿಂಗಳು. ಇಷ್ಟು ವರ್ಷಗಳ ನಂತರವೂ ಅದೇ ಶೂನ್ಯ ಬಡ್ಡಿಯ ಸರಕು ಹೊಸ ಹೆಸರಿನಲ್ಲಿ ಪ್ರತಿ ಅಂಗಡಿಯ ಗಾಜಿನ ಮೇಲೆ ಅಂಟಿಕೊಂಡಿದೆ. ಸಾಲ ಬೇಕಾದರೆ ಸಾಲ ಎಂದು ತಿಳಿದು ಮಾಡಿ. ಖರ್ಚಿಲ್ಲದ ಸಾಲ ಎಂದು ಯಾರಾದರೂ ಹೇಳಿದರೆ ಆ ಕೌಂಟರ್‌ನಿಂದ ಎದ್ದು ಬನ್ನಿ.

ಆಟದ ಮಾತಿಗೆ ಬರೋಣ. ಪಿಸಿ ಕೊಂಡ ವರ್ಷದ ದೀಪಾವಳಿಗೆ ದಾವಣಗೆರೆಗೆ ಹೋಗಿದ್ದೆ. ತಮ್ಮ ಚೀಟಿ ಎತ್ತಿದ ದುಡ್ಡಿನಲ್ಲಿ ಕೊಂಡ ಪಿಎಸ್4 ಅನ್ನು ಹಾಲ್‌ನ ಟಿವಿಗೆ ಸಿಕ್ಕಿಸಿದ್ದ. ಮಾರಿದವರು ಜಿಟಿಎ 5ರ ಡಿಸ್ಕನ್ನೂ ಜೊತೆಗೆ ಕೊಟ್ಟಿದ್ದರು. ಅಂಚಿನಲ್ಲಿ ಗೀರು ಬಿದ್ದಿದ್ದರೂ ಓಡುತ್ತಿತ್ತು. ನಾನು ಮೊಬೈಲಿನಲ್ಲಿ ನನ್ನ ಪಿಸಿಯ ವಿಡಿಯೊ ತೋರಿಸಿದೆ. ಅವನ ಯಂತ್ರದಲ್ಲಿ ಸೆಕೆಂಡಿಗೆ 30 ಫ್ರೇಮ್, ನನ್ನದರಲ್ಲಿ 60ಕ್ಕೂ ಹೆಚ್ಚು. ದೂರದ ಬೆಟ್ಟದ ಮೇಲಿನ ಗಿಡಗಳು ನನ್ನದರಲ್ಲಿ ಒಂದೊಂದಾಗಿ ಕಾಣುತ್ತಿದ್ದವು, ಅವನದರಲ್ಲಿ ಹಸಿರು ಬಳಿದಂತೆ. ಮೌಸ್‌ನಲ್ಲಿ ಗುರಿ ಹಿಡಿಯುವ ಹಿತವೇ ಬೇರೆ. ಆಟವನ್ನು ಬೇಕಾದಂತೆ ಬದಲಿಸುವ ಮಾಡ್‌ಗಳು ಪಿಸಿಯಲ್ಲಿ ಮಾತ್ರ. ಎಲ್ಲವನ್ನೂ ಕೇಳಿಸಿಕೊಂಡ ತಮ್ಮ ಕಂಟ್ರೋಲರ್ ಕೆಳಗಿಡದೆ ಅಂದ: "ಅಣ್ಣಾ, ನಿನ್ ಪಿಸಿಯಾಗ ನೋಡಾಕ ಚೆಂದ ಐತಿ. ಆದ್ರ ಕಥಿ ಇದೇ ಅಲ್ಲೇನು?" ಅವನು ಆಗಲೇ ಕಥೆಯ ಕೊನೆಗೆ ಬಂದಿದ್ದ. ನಾನಿನ್ನೂ ಸೆಟ್ಟಿಂಗ್ಸ್ ತಿದ್ದುತ್ತಿದ್ದೆ.

ಈಗ ಲೆಕ್ಕ. 2025ರ ಮಧ್ಯಭಾಗದವರೆಗಿನ ನಾಲ್ಕು ವರ್ಷವನ್ನು ತೆಗೆದುಕೊಂಡಿದ್ದೇನೆ. ನಿಧಾನವಾಗಿ ಓದಿ.

ನಾನು ಕೈಯಿಂದ ಕೊಟ್ಟದ್ದು 1,20,000 ಮತ್ತು ಇಎಂಐಯ ತೆರಿಗೆ, ಶುಲ್ಕ 1,892. ಒಟ್ಟು 1,21,892. ಇದಷ್ಟನ್ನೂ ಆಟಕ್ಕೇ ಕಟ್ಟುವುದು ನ್ಯಾಯವಲ್ಲ. ಮನೆಯಿಂದ ಕೆಲಸ ಮಾಡುವ ನನಗೆ ಹೇಗಿದ್ದರೂ ಒಂದು ಕಂಪ್ಯೂಟರ್ ಬೇಕಾಗಿತ್ತು. ಅದಕ್ಕೆ 45,000 ಕಳೆಯುತ್ತೇನೆ. ಉಳಿದದ್ದು 76,892. ನಾಲ್ಕು ವರ್ಷದಲ್ಲಿ ಸೇಲ್ ಕಾದು ಕಾದು 11 ಆಟ ಕೊಂಡೆ, 9,350 ರೂಪಾಯಿ. ಕೂಡಿದರೆ 86,242. 2025ರ ಮಧ್ಯಭಾಗದಲ್ಲಿ ಕಾರ್ಡ್ ಮಾರಿದ್ದರೆ 14,000 ಬರುತ್ತಿತ್ತು. ಕಳೆದರೆ 72,242.

ತಮ್ಮನದು. ಯಂತ್ರ 19,000ಕ್ಕೆ ಕೊಂಡು 2024ರಲ್ಲಿ 11,000ಕ್ಕೆ ಮಾರಿದ. ನಿವ್ವಳ 8,000. ಒಂಬತ್ತು ಡಿಸ್ಕ್ ಕೊಂಡ, 16,500. ಏಳನ್ನು ಆಡಿ ಮುಗಿಸಿ ಮಾರಿದ, 9,800. ನಿವ್ವಳ 6,700. ಆನ್‌ಲೈನ್ ಆಟಕ್ಕೆಂದು ಒಂದು ವರ್ಷ ಪಿಎಸ್ ಪ್ಲಸ್ ಹಾಕಿಸಿದ, 2,999. ಒಟ್ಟು 17,699.

ವ್ಯತ್ಯಾಸ 54,543 ರೂಪಾಯಿ.

"ಪಿಸಿಯಲ್ಲಿ ಆಟ ಅಗ್ಗ, ಕ್ರಮೇಣ ಸರಿಹೋಗುತ್ತದೆ" ಎಂದು ನಾನೇ ಹತ್ತಾರು ಜನರಿಗೆ ಹೇಳಿದ್ದೆ. ಅದನ್ನೂ ಹಾಕಿ ನೋಡಿದೆ. ನನಗೆ ಒಂದು ಆಟಕ್ಕೆ ಸರಾಸರಿ 850 ಬಿದ್ದಿದೆ. ತಮ್ಮ ಒಂದು ಡಿಸ್ಕನ್ನೂ ಮಾರದೆ ಇಟ್ಟುಕೊಂಡಿದ್ದರೆ ಅವನಿಗೆ ತಲಾ 1,833 ಬೀಳುತ್ತಿತ್ತು. ಅಂದರೆ ಆಟವೊಂದಕ್ಕೆ ನನ್ನ ಉಳಿತಾಯ 983. ಆ 54,543 ತುಂಬಬೇಕಾದರೆ 56 ಆಟ ಬೇಕು. ನಾಲ್ಕು ವರ್ಷಕ್ಕೆ 11 ಆಡುವ ನನಗೆ ಅದು ಇಪ್ಪತ್ತು ವರ್ಷದ ಕೆಲಸ. ಆದರೆ ಅವನು ಡಿಸ್ಕ್ ಮಾರಿದ್ದಾನೆ. ಅದನ್ನು ಸೇರಿಸಿದರೆ ಅವನಿಗೆ ಒಂದು ಆಟಕ್ಕೆ ಬಿದ್ದದ್ದು 744. ನನಗಿಂತ ಕಡಿಮೆ. ಪಿಸಿಯಲ್ಲಿ ಕೊಂಡ ಆಟ ಖಾತೆಗೆ ಅಂಟಿಕೊಳ್ಳುತ್ತದೆ, ಮಾರಲಾಗದು. ಹೀಗಿರುವಾಗ ನನ್ನ ಪಿಸಿ ಆ ಅಂತರವನ್ನು ಎಂದೂ ತುಂಬುವುದಿಲ್ಲ.

ಪಿಸಿಯ ಪರವಾಗಿಯೂ ಹೇಳಬೇಕು. ಆನ್‌ಲೈನ್‌ಗೆ ಚಂದಾ ಇಲ್ಲ. ಅದೇ ಪಿಎಸ್ ಪ್ಲಸ್‌ನ ವರ್ಷದ ದರ 2023ರ ಸೆಪ್ಟೆಂಬರ್‌ನಲ್ಲಿ 3,949ಕ್ಕೆ ಏರಿತು. ದಿನಾ ಗೆಳೆಯರ ಜೊತೆ ಆನ್‌ಲೈನ್ ಆಡುವವರಿಗೆ ಇದು ಸಣ್ಣ ಮೊತ್ತವಲ್ಲ. ಜಿಟಿಎ 5ರ ಎನ್‌ಹ್ಯಾನ್ಸ್ಡ್ ಆವೃತ್ತಿ 2025ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ, ಆಟ ಇದ್ದವರಿಗೆಲ್ಲ ಅದು ಪುಕ್ಕಟೆ ಸಿಕ್ಕಿತು. ಅದಕ್ಕೆ ಶಿಫಾರಸಾದ ಕಾರ್ಡ್ ಆರ್‌ಟಿಎಕ್ಸ್ 3060. ಅಂದರೆ ಈ ಆಟದಲ್ಲಿ ನನ್ನ ಕಾರ್ಡ್‌ಗೆ ತಕ್ಕ ಕೆಲಸ ಸಿಕ್ಕಿದ್ದು ಕೊಂಡ ಮೂರು ವರ್ಷ ಎಂಟು ತಿಂಗಳಿಗೆ. ಅಷ್ಟು ದಿನ ಕಾದಿದ್ದರೆ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತಿತ್ತು.

ಮೊದಲ ದಿನವೇ ಕೊಳ್ಳುವವರಿಗೆ ಯಾವ ಯಂತ್ರವೂ ಭರವಸೆಯಲ್ಲ. ಸೈಬರ್‌ಪಂಕ್ 2077 ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟದಾಗಿತ್ತೆಂದರೆ 2020ರ ಡಿಸೆಂಬರ್‌ನಲ್ಲಿ ಸೋನಿ ಅದನ್ನು ತನ್ನ ಸ್ಟೋರ್‌ನಿಂದಲೇ ತೆಗೆದುಹಾಕಿತು. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಎಸ್5ನಲ್ಲಿ ಸಲೀಸಾಗಿತ್ತು; 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ ತೊದಲಿತು, ಕ್ರ್ಯಾಶ್ ಆಯಿತು. ಎರಡೂ ಆಟಗಳು ಸರಿಹೋದದ್ದು ತಿಂಗಳುಗಟ್ಟಲೆ ಪ್ಯಾಚ್‌ಗಳು ಬಂದ ನಂತರವೇ.

ಇಷ್ಟೆಲ್ಲ ಅಂಕಿ ಬರೆದ ಮೇಲೂ ನನಗೆ ಅನ್ನಿಸುವುದು, ನಷ್ಟದ ಮೂಲ ಅಂಕಿಯಲ್ಲಿರಲಿಲ್ಲ, ಅಭ್ಯಾಸದಲ್ಲಿತ್ತು. ಆಡುವ ಹೊತ್ತನ್ನು ನಾನು ಯಂತ್ರ ಹುಡುಕುವುದರಲ್ಲಿ ಕಳೆದೆ. ರಾತ್ರಿ ಹನ್ನೊಂದರವರೆಗೆ ಬೆಂಚ್‌ಮಾರ್ಕ್ ವಿಡಿಯೊ ನೋಡಿ, ಆಟ ತೆರೆಯುವ ಹೊತ್ತಿಗೆ ನಿದ್ದೆ ಬರುತ್ತಿತ್ತು. ನಮ್ಮಲ್ಲಿ ಅನೇಕರು ಹೀಗೆಯೇ. ಓಡಲು ಶುರುಮಾಡುವ ಮುಂಚೆ ಹತ್ತು ಸಾವಿರದ ಶೂ ಕೊಳ್ಳುತ್ತೇವೆ. ವರ್ಷಕ್ಕೊಮ್ಮೆ ಪ್ರವಾಸ ಹೋಗಲಿಕ್ಕೆ ಲಕ್ಷದ ಕ್ಯಾಮೆರಾ. ಕೊಂಡ ದಿನದ ಸಂತೋಷವನ್ನೇ ಬಳಕೆಯ ಸಂತೋಷ ಎಂದುಕೊಳ್ಳುತ್ತೇವೆ. ತಮ್ಮ ಕೊಂಡದ್ದು ಕಡಿಮೆ, ಆಡಿದ್ದು ಪೂರ್ತಿ. ಕೈಯಲ್ಲಿರುವುದನ್ನು ಮುಗಿಸಿ, ಆಮೇಲೆ ಮುಂದಿನದಕ್ಕೆ ಕೈಹಾಕುವ ಶಿಸ್ತನ್ನು ಮನೆಯ ಮಕ್ಕಳಿಗೂ ಕಲಿಸಿ.

ಹಾಗಾದರೆ ಜಿಟಿಎ 6ಕ್ಕೆ ಏನು ಮಾಡುವುದು? ಜಿಟಿಎ 5 ಕನ್ಸೋಲ್‌ನಿಂದ ಪಿಸಿಗೆ ಬರಲು ಸುಮಾರು 19 ತಿಂಗಳು ಹಿಡಿಯಿತು; ರೆಡ್ ಡೆಡ್ ರಿಡೆಂಪ್ಷನ್ 2 ಒಂದು ವರ್ಷ ಹತ್ತು ದಿನ. ನಿಮ್ಮ ಮನೆಯಲ್ಲಿ ತಕ್ಕ ಪಿಸಿ ಆಗಲೇ ಇದ್ದರೆ ಕಾಯಿರಿ, ಒಂದು ಪೈಸೆಯೂ ಹೆಚ್ಚುವರಿ ಬೇಡ. ಪಿಸಿ ಇಲ್ಲದಿದ್ದರೆ ಒಂದು ಆಟಕ್ಕಾಗಿ ಕಟ್ಟಿಸಬೇಡಿ, ಕನ್ಸೋಲ್ ಸಾಕು. ಡಿಸ್ಕ್ ಹಾಕುವ ಮಾದರಿಯನ್ನೇ ಕೊಳ್ಳಿ. 2024ರ ಏಪ್ರಿಲ್‌ನಲ್ಲಿ ಪಿಎಸ್5 ಸ್ಲಿಮ್ ಇಲ್ಲಿಗೆ ಬಂದಾಗ ಡಿಸ್ಕ್ ಮಾದರಿ 54,990, ಡಿಜಿಟಲ್ 44,990. ಆ 10,000 ದುಬಾರಿಯಂತೆ ಕಾಣುತ್ತದೆ. ಆದರೆ ಆಡಿದ ಡಿಸ್ಕ್ ಒಂದಕ್ಕೆ 2,000 ವಾಪಸ್ ಬಂದರೂ ಐದೇ ಆಟದಲ್ಲಿ ಅದು ತೀರುತ್ತದೆ.

ದುಡ್ಡು ಹೊಂದಿಸಲು ಇಎಂಐ ಬೇಡ. ತಿಂಗಳಿಗೆ 5,000 ರೂಪಾಯಿಯ ಆರ್‌ಡಿ ಇಂದೇ ತೆರೆಯಿರಿ, ಹನ್ನೊಂದು ತಿಂಗಳಿಗೆ 55,000 ಆಗುತ್ತದೆ. ಆ ಹೊತ್ತಿಗೂ ಆಟ ಆಡಲೇಬೇಕು ಅನ್ನಿಸಿದರೆ ಧೈರ್ಯವಾಗಿ ಕೊಳ್ಳಿ. ಅನ್ನಿಸದಿದ್ದರೆ ಆ 55,000 ನಿಮ್ಮ ಖಾತೆಯಲ್ಲೇ ಇರುತ್ತದೆ.