ಮನೆ ಬದಲಾವಣೆಗೆ ಪೆಟ್ಟಿಗೆಗಳ ಸಂಗ್ರಹ

ಆಷಾಢದಲ್ಲಿ ಮನೆ ಬದಲಿಸಬಾರದೆಂಬ ಸಂಪ್ರದಾಯವನ್ನು ನಮ್ಮ ಅನೇಕ ಕುಟುಂಬಗಳು ಇಂದಿಗೂ ಪಾಲಿಸುತ್ತಿರುವುದರಿಂದ, ಶ್ರಾವಣ ಕಾಲಿಟ್ಟೊಡನೆ ಬೆಂಗಳೂರಿನ ಬೀದಿಗಳಲ್ಲಿ ಮಂಚ ಬೀರುಗಳನ್ನು ಹೇರಿಕೊಂಡ ವಾಹನಗಳು ಕಾಣತೊಡಗುತ್ತವೆ; ಹೊರಡುವ ಹಿಂದಿನ ದಿನ ರಟ್ಟಿನ ಪೆಟ್ಟಿಗೆಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಗೃಹಸ್ಥನಿಗೆ ಆಗ ಸಿಕ್ಕುವುದು ಇತರರು ಬಿಟ್ಟುಹೋದ ಹರಕು ಮುರುಕುಗಳು ಮಾತ್ರ. ಆದಕಾರಣ ಆಷಾಢದ ನಾಲ್ಕು ವಾರಗಳನ್ನು ಈ ಸಂಗ್ರಹಕಾರ್ಯಕ್ಕೆ ಮೀಸಲಿಡುವುದು ವಿವೇಕ. ಹೊಸ ಪೆಟ್ಟಿಗೆಗಳು ಹಣಕ್ಕೆ ದೊರೆಯುತ್ತವೆ, ನಿಜ; ಆದರೆ ಒಂದು ದಿನದ ಉಪಯೋಗಕ್ಕಾಗಿ ಅಷ್ಟು ವ್ಯಯ ಮಾಡುವುದು ಸಾಮಾನ್ಯ ಸಂಸಾರಕ್ಕೆ ಅವಶ್ಯಕವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಿಳಿದಿರಬೇಕಾದುದು, ಅಂಗಡಿಯವರಿಗೆ ಖಾಲಿ ಪೆಟ್ಟಿಗೆ ಕಸವಲ್ಲವೆಂಬ ಸಂಗತಿ. ಸರಕು ಇಳಿಸಿಕೊಂಡ ಮೇಲೆ ರಟ್ಟನ್ನು ಬಿಚ್ಚಿ ಚಪ್ಪಟೆಯಾಗಿಸಿ, ಕಟ್ಟುಕಟ್ಟಿ, ಕಿಲೋ ಲೆಕ್ಕದಲ್ಲಿ ಗುಜರಿಗೆ ಮಾರುವ ಪದ್ಧತಿ ಅವರಲ್ಲಿದೆ. ಆದುದರಿಂದ ಪುಕ್ಕಟೆ ಬೇಡುವುದಕ್ಕಿಂತ, “ಗುಜರಿಯವನು ಕೊಡುವುದಕ್ಕಿಂತ ನಾಲ್ಕು ಕಾಸು ಹೆಚ್ಚಿಗೆ ಕೊಡುತ್ತೇನೆ, ಬಿಚ್ಚದೆ ಎತ್ತಿಡಿ” ಎಂದು ಮುಂಚಿತವಾಗಿ ಹೇಳಿ, ಸರಕು ಬರುವ ದಿನವನ್ನು ಕೇಳಿಕೊಂಡು, ಗಿರಾಕಿಗಳ ಗದ್ದಲವಿಲ್ಲದ ಹೊತ್ತಿನಲ್ಲಿ ಹೋಗಿ ತರುವುದು ಉಭಯರಿಗೂ ಹಿತಕರ. ಹತ್ತಿರದ ಅಂಗಡಿಗಳಲ್ಲಿ ಸಾಲದಿದ್ದರೆ ಅವೆನ್ಯೂ ರಸ್ತೆಯ ಪುಸ್ತಕ ಮತ್ತು ಕಾಗದದ ಮಳಿಗೆಗಳನ್ನೂ, ಎಸ್.ಪಿ. ರಸ್ತೆಯ ವಿದ್ಯುತ್ ಉಪಕರಣದ ಅಂಗಡಿಗಳನ್ನೂ ವಿಚಾರಿಸಬಹುದು.

ಪೆಟ್ಟಿಗೆಯನ್ನು ಅದರೊಳಗೆ ಇಡಲಿರುವ ವಸ್ತುವಿಗೆ ತಕ್ಕಂತೆ ಆರಿಸಬೇಕು. ದೊಡ್ಡದಾದಷ್ಟೂ ಒಳ್ಳೆಯದೆಂಬ ಭ್ರಮೆಯಿಂದ ಪುಸ್ತಕಗಳನ್ನು ದೂರದರ್ಶನ ಯಂತ್ರದ ಪೆಟ್ಟಿಗೆಗೆ ತುಂಬಿದರೆ, ಎತ್ತಿದ ಕ್ಷಣದಲ್ಲಿ ತಳ ಕಳಚಿ ಎಲ್ಲವೂ ಮೆಟ್ಟಿಲ ಮೇಲೆ ಚೆಲ್ಲಿಹೋಗುತ್ತದೆ. ಪುಸ್ತಕಗಳಿಗೆ ಕಚೇರಿಗಳಲ್ಲಿ ಉಳಿಯುವ ಎ4 ಕಾಗದದ ಪೆಟ್ಟಿಗೆಯೇ ಸರ್ವೋತ್ತಮ. ಐದು ರೀಮು ಹಿಡಿಯುವ ಅಂಥದೊಂದು ಪೆಟ್ಟಿಗೆ ಸುಮಾರು 12 ಕಿಲೋ ಭಾರವನ್ನು ಹೊತ್ತು ಬಂದುದಾದ್ದರಿಂದ, ಅಷ್ಟೇ ತೂಕದ ಪುಸ್ತಕಗಳನ್ನು ತಾಳುತ್ತದೆ, ಒಬ್ಬರೇ ಎತ್ತುವುದಕ್ಕೂ ಅನುಕೂಲ. ಔಷಧದ ಅಂಗಡಿಯ ಪೆಟ್ಟಿಗೆಗಳು ಚಿಕ್ಕವು, ಶುಭ್ರವಾದವು. ದೇವರ ಸಾಮಾನು, ಕಾಗದಪತ್ರ, ಮಸಾಲೆ ಡಬ್ಬಿಗಳಿಗೆ ಯೋಗ್ಯ. ಮದ್ಯದಂಗಡಿಗೆ ಹೋಗಲು ಸಂಕೋಚಪಡುವವರುಂಟು. ಆದರೆ 750 ಮಿಲಿಯ 12 ಸೀಸೆಗಳನ್ನು ಒಂದಕ್ಕೊಂದು ತಗುಲದಂತೆ ಬೇರ್ಪಡಿಸುವ ರಟ್ಟಿನ ಮನೆಗಳುಳ್ಳ ಆ ಪೆಟ್ಟಿಗೆಗಿಂತ ಗಾಜಿನ ಲೋಟಗಳಿಗೂ ಉಪ್ಪಿನಕಾಯಿಯ ಚಿಕ್ಕ ಸೀಸೆಗಳಿಗೂ ಭದ್ರವಾದ ಆಶ್ರಯ ಬೇರೊಂದಿಲ್ಲ. ಒಳಗಿನ ತಡಿಕೆಯನ್ನು ಕಿತ್ತುಹಾಕದೆ ಕೊಡಬೇಕೆಂದು ಕೇಳಿಕೊಳ್ಳಿ. ಹಿಮಾಚಲ, ಕಾಶ್ಮೀರಗಳಿಂದ ಬರುವ ಸೇಬಿನ ಪೆಟ್ಟಿಗೆಗಳು ಗಟ್ಟಿಯಾದವು; ಅಡುಗೆಮನೆಯ ಪಾತ್ರೆಗಳಿಗೆ ಅವು ಸಾಕು. ಬಟ್ಟೆಬರೆಗೆ ಪೆಟ್ಟಿಗೆಯೇ ಬೇಡ, ಹಳೆಯ ಸೀರೆಯ ಗಂಟು ಅಥವಾ ತೊಳೆದ ಗೋಣಿಚೀಲ ಸಾಕು.

ಪೆಟ್ಟಿಗೆಯನ್ನು ಒಪ್ಪಿಕೊಳ್ಳುವ ಮೊದಲು ಪರೀಕ್ಷಿಸತಕ್ಕದ್ದು. ರಟ್ಟಿನ ಅಂಚನ್ನು ಕಣ್ಣಿನ ಸಮೀಪಕ್ಕೆ ತಂದು ನೋಡಿರಿ: ಎರಡು ಹಾಳೆಗಳ ನಡುವೆ ಅಲೆಯಂತಹ ಕಾಗದದ ಒಂದು ಸಾಲಿದ್ದರೆ ಅದು ಮೂರು ಪದರದ್ದು, ಎರಡು ಸಾಲಿದ್ದರೆ ಐದು ಪದರದ್ದು. ಭಾರದ ವಸ್ತುಗಳಿಗೆ ಐದು ಪದರದ್ದನ್ನೇ ಆರಿಸಬೇಕು. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಳಹೋದರೆ, ನೀರು ಕುಡಿದು ಒಣಗಿದ ರಟ್ಟೆಂದು ತಿಳಿದು ಅಲ್ಲಿಯೇ ಬಿಟ್ಟುಬಿಡಿ. ಜೋಡಣೆಯ ತಂತಿಯ ಪಿನ್ನುಗಳು ತುಕ್ಕು ಹಿಡಿದು ಎದ್ದು ನಿಂತಿದ್ದರೆ ಕೈ ಗೀರುವ ಭಯವುಂಟು.

ದಿನಸಿ ಅಂಗಡಿಯ ಪೆಟ್ಟಿಗೆಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಮಡಿಕೆಯ ಸಂದುಗಳಲ್ಲಿ ಜಿರಳೆಗಳು ಕಂದುಬಣ್ಣದ ಮೊಟ್ಟೆಯ ಕೋಶಗಳನ್ನು ಬಿಟ್ಟಿರುವುದುಂಟು. ಅದರಲ್ಲಿ ಒಂದೇ ಒಂದು ಹೊಸ ಮನೆಯನ್ನು ಸೇರಿದರೂ ಮುಂದಿನ ಉಪದ್ರವಕ್ಕೆ ಅದು ಬೀಜವಾಗುತ್ತದೆ. ಆದುದರಿಂದ ಪ್ರತಿಯೊಂದನ್ನೂ ಹೊರಗಡೆಯೇ ಬಿಚ್ಚಿ, ಕೊಡವಿ, ಬಿಸಿಲು ಬಿದ್ದ ದಿನ ಒಣಗಿಸಿ, ಮಳೆಗಾಲದ ತೇವ ತಗುಲದಂತೆ ನೆಲದಿಂದ ಮೇಲಕ್ಕೆ ಒರಗಿಸಿಡಬೇಕು. ಕೆಲಸಕ್ಕೆ ಬಾರದವುಗಳನ್ನು ಕತ್ತರಿಸಿ ಗಾಜಿನ ವಸ್ತುಗಳಿಗೆ ಸುತ್ತಬಹುದು. ಅಲೆಯ ಕಾಗದಕ್ಕೆ 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಎಂಬಾತನು ಹಕ್ಕುಪತ್ರ ಪಡೆದದ್ದೇ ಸೀಸೆಗಳಿಗೂ ದೀಪದ ಚಿಮಣಿಗಳಿಗೂ ಸುತ್ತುವುದಕ್ಕಾಗಿ.

ತುಂಬುವಾಗ ತಳಕ್ಕೆ ಎರಡು ಅಂಗುಲದ ಟೇಪನ್ನು ಉದ್ದಕ್ಕೂ ಅಡ್ಡಕ್ಕೂ ಹಾಕಿ, ಒಳಗಿರುವುದೇನು, ಯಾವ ಕೋಣೆಯದು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಮೇಲೆ ಬರೆದರೆ ಒಂದರ ಮೇಲೊಂದು ಪೇರಿಸಿದಾಗ ಕಾಣಿಸದು. ಹಾಲು ಉಕ್ಕಿಸುವ ಪಾತ್ರೆ, ದೀಪ, ಬೆಂಕಿಪೊಟ್ಟಣ, ಸಕ್ಕರೆಗಳನ್ನು ಪ್ರತ್ಯೇಕವಾಗಿ ಒಂದರಲ್ಲಿಟ್ಟು, ಅದನ್ನು ಕೊನೆಗೆ ಹೇರಿ ಮೊದಲು ಇಳಿಸಿಕೊಳ್ಳಿ.

ಹೊಸ ಮನೆಯಲ್ಲಿ ಸಾಮಾನು ತೆಗೆದ ಮೇಲೆ ಪೆಟ್ಟಿಗೆಗಳನ್ನು ಮಳೆಯಲ್ಲಿ ನೆನೆಯಲು ಬಿಡಬೇಡಿ. ಒಣಗಿರುವಾಗಲೇ ಮಡಿಸಿ, ಮನೆ ಬದಲಿಸಲಿರುವ ನೆರೆಯವರಿಗೆ ಕೊಡಿ. ಅಂಥವರಿಲ್ಲದಿದ್ದರೆ ಗುಜರಿಯವನಿಗೆ ತೂಗಿ ಹಾಕಿ.